ಹನ್ನೆರಡು ಪ್ಯಾಂಟಿನ ಪರೀಕ್ಷೆ

ಶಬಾನಾ ಒಂಬತ್ತನೇ ಜೀನ್ಸ್ ಪ್ಯಾಂಟಿಗೆ ಸೊಂಟಪಟ್ಟಿ ಕೂಡಿಸುತ್ತಿದ್ದಳು. ಇದಕ್ಕೆ ಇಂಟರ್ವ್ಯೂ ಎಂದು ಹೆಸರು. ಹನ್ನೆರಡು ಹೊಲಿದರೆ ಬಳ್ಳಾರಿಯ ಈ ದೊಡ್ಡ ಕಂಪನಿಯಲ್ಲಿ ಕಾಯಂ ಕೆಲಸ, ತಿಂಗಳ ಸಂಬಳ, ಪಿ.ಎಫ್.

ಮೊದಲ ದಿನ ಮಾತಿನ ಸುತ್ತು. ಎಚ್.ಆರ್. ಸಾಹೇಬ ಪ್ರಾಣೇಶ ಇದೇ ಊರಿನ ಪಾರ್ವತಿನಗರದ ಹುಡುಗ, ಹೊಸ ಅಂಗಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಕೈಯಲ್ಲಿದ್ದ ಚೀಟಿ ನೋಡಿಕೊಂಡು ಕೇಳಿದ.

“ಇನ್ನ ಐದು ವರ್ಷಕ್ಕ ನೀವು ಎಲ್ಲಿರ್ತೀರಿ?”

“ಮಷೀನ್ ಮುಂದರಿ. ಮತ್ತೆಲ್ಲಿಗೆ ಹೋಗ್ಲಿ?”

ಅವನು ಅದನ್ನೂ ಬರೆದುಕೊಂಡ. ಬರೆದು, ಮಾಲೀಕ ಅಕ್ರಮ್ ಕೂತಿದ್ದ ಗಾಜಿನ ಕೋಣೆಯ ಕಡೆ ಕಳ್ಳನೋಟ ಹಾಕಿದ. ಇಂಥ ಬಕೆಟ್ ಹಿಡಿಯುವವರನ್ನು ಶಬಾನಾ ಬೇಕಾದಷ್ಟು ಕಂಡಿದ್ದಳು.

ಎರಡನೇ ದಿನ ತರಬೇತಿ. ಇಪ್ಪತ್ತು ಮಂದಿ ಟೇಲರ್‌ಗಳನ್ನು ದುಂಡಗೆ ನಿಲ್ಲಿಸಿ, ಚಪ್ಪಾಳೆ ಹೊಡೆಸಿ, ‘ನಾವೆಲ್ಲ ಒಂದೇ ಕುಟುಂಬ’ ಎಂದು ಹೇಳಿಸಿದರು. ಆಮೇಲೆ ಸೂಜಿಗೆ ದಾರ ಪೋಣಿಸುವುದು ಹೇಗೆಂದು ಪರದೆಯ ಮೇಲೆ ಪ್ರಾಣೇಶನ ಪಾಠ. ಹದಿನೈದು ವರ್ಷ ಜೀನ್ಸ್ ಹೊಲಿದವಳಿಗೆ! ಮೀನಿಗೆ ಈಜು ಕಲಿಸುವ ಈ ಗುರುವಿಗೆ ಮಷೀನಿನ ಸ್ವಿಚ್ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಕಾವಲುಗಾರ ಗಾದೆಪ್ಪನನ್ನು ಕೇಳಿ ಹಾಕಿದ.

ಇವತ್ತು ಮೂರನೆಯ ದಿನ, ಕೈಚಳಕದ ಸುತ್ತು. ಕುರುಗೋಡಿನಲ್ಲಿ ಅವಳು ಕೆಲಸ ಮಾಡುತ್ತಿದ್ದ ಸಣ್ಣ ಅಂಗಡಿಯ ದಸ್ತಗೀರಸಾಬ್ ಬೆಳಿಗ್ಗೆಯೇ ಫೋನು ಮಾಡಿದ್ದ. “ನಾಳಿ ಬಂದು ಕುಂದರಲಿಲ್ಲಂದ್ರ ನಿನ್ನ ಮಷೀನಿಗೆ ಬ್ಯಾರೇದವರನ್ನ ಹಾಕ್ತೀನಿ ನೋಡವಾ.” ಇಲ್ಲಿ ಸಿಗದಿದ್ದರೆ ಅಲ್ಲಿಯೂ ಇಲ್ಲ. ಅದೇ ಚಿಂತೆಯಲ್ಲಿ ಅವಳು ಊಟಕ್ಕೂ ಏಳದೆ ಹೊಲಿದಳು.

ಆದರೆ ಒಂದು ಮಾತು ತಲೆ ತಿನ್ನುತ್ತಿತ್ತು. ಅದೇ ದಸ್ತಗೀರಸಾಬ್ ಒಂದು ಜೇಬು ಹೊಲಿಸಿ ನೋಡಿ ಅವಳನ್ನು ಕೆಲಸಕ್ಕೆ ಕೂಡಿಸಿಕೊಂಡಿದ್ದ. ಕೈ ಎಂಥದೆಂದು ತಿಳಿಯಲು ಅಷ್ಟು ಸಾಕು. ಇಲ್ಲಿ ಹನ್ನೆರಡು ಯಾಕೆ? ಹೊಲಿದದ್ದನ್ನು ಒಬ್ಬರೂ ಬಿಚ್ಚಿ ನೋಡುತ್ತಿರಲಿಲ್ಲ. ಸೈಜಿನ ಚೀಟಿ ಅಂಟಿಸುವುದು, ಡಜನ್ ಲೆಕ್ಕದಲ್ಲಿ ಕಟ್ಟುವುದು, ಬಾಗಿಲಿಗೆ ಒಯ್ಯುವುದು. ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಯಾರಾದರೂ ಹೀಗೆ ಗಂಟು ಕಟ್ಟುತ್ತಾರೆಯೇ?

ಹೊರಗೆ ಟೆಂಪೋ ಬಂದು ನಿಂತಿತು. ಗಾದೆಪ್ಪ ಗಂಟುಗಳನ್ನು ಅದರೊಳಗೆ ಎಸೆಯತೊಡಗಿದ. ಶಬಾನಾ ಎದ್ದು ಹೋದಳು.

“ಎಲ್ಲಿಗಣ್ಣ ಇವು?”

“ವಾಷಿಂಗಿಗೆ. ಹೈದರಾಬಾದಿನ ಆರ್ಡರ್ ಐತಲ್ಲ.”

“ನಿಮ್ಮ ಕಂಪನಿ ಟೇಲರ್‌ಗಳು ಎಲ್ಲಿ ಅದಾರ?”

ಗಾದೆಪ್ಪ ತಲೆ ಕೆರೆದುಕೊಂಡ. “ಹ್ವಾದ ವಾರ ಸಿರುಗುಪ್ಪದಿಂದ ಇಪ್ಪತ್ತು ಮಂದಿ ಬಂದಿದ್ರವಾ. ಅವರೂ ಇಂಟರ್ವ್ಯೂಗೇ.”

“ಅವರೊಳಗ ಎಷ್ಟು ಮಂದೀನ ತಗೊಂಡ್ರು?”

ಅವನು ಮುಂದಿನ ಗಂಟು ಎತ್ತಿಕೊಂಡ.

ಶಬಾನಾಳ ಮೈಯೆಲ್ಲ ಉರಿದುಹೋಯಿತು. ಸಂಬಳವಿಲ್ಲದೆ ದುಡಿಸಿಕೊಳ್ಳುವುದು, ಮೇಲೆ ಕುಟುಂಬವಂತೆ, ಚಪ್ಪಾಳೆಯಂತೆ! ಒಳಗೆ ಬಂದವಳೇ ಮೇನ್ ಸ್ವಿಚ್ ಆರಿಸಿದಳು. ಮಷೀನುಗಳೆಲ್ಲ ಒಮ್ಮೆಗೇ ನಿಂತವು.

“ಏಳ್ರಿ ಎಲ್ಲಾರೂ. ಇಲ್ಲಿ ಕೆಲಸಾನೂ ಇಲ್ಲ, ಏನೂ ಇಲ್ಲ. ನಮ್ಮ ಕೈಲೆ ಪುಕ್ಕಟೆ ಆರ್ಡರ್ ಹೊಲಿಸಾಕತ್ತಾರ.”

ಪ್ರಾಣೇಶ ಓಡಿ ಬಂದ. ಮುಖ ಬಿಳಿಚಿತ್ತು. “ಅಮ್ಮಾ, ಕೈ ಮುಗೀತೀನಿ, ಕೂಡ್ರಿ. ಸಂಜೀತನಕ ಅಷ್ಟ. ಸಾಹೇಬರು ನೋಡ್ಲಿಕ್ಕತ್ತಾರ.”

“ನೋಡ್ಲಿ!” ಶಬಾನಾ ಚೀಲ ಹೆಗಲಿಗೇರಿಸಿದಳು. ಕುರುಗೋಡಿನ ಬಸ್ಸು ಸಿಕ್ಕರೆ ನಾಳೆ ಹಳೆಯ ಮಷೀನಾದರೂ ಉಳಿದೀತು. ಹೋಗುವ ಮುನ್ನ ಆ ಗರಿಗರಿ ಅಂಗಿಯವನ ಮುಖಕ್ಕೆ ಉಗಿಯದಿದ್ದರೆ ಸಮಾಧಾನವಿರಲಿಲ್ಲ. “ಥೂ! ಓದಿದ ಮಗ, ಬಡವರ ಕುತ್ತಿಗೆ ಕೊಯ್ಯೋ ಕೆಲಸಕ್ಕ ನಿಂತೀಯಲ್ಲೋ. ತಿಂಗಳಿಗೆ ಎಷ್ಟು ಸಂಬಳ ಬಿಸಾಕ್ತಾರ ನಿನಗ?”

ಪ್ರಾಣೇಶ ಗಾಜಿನ ಕೋಣೆಯ ಕಡೆ ಬೆನ್ನು ಮಾಡಿ, ದನಿ ತಗ್ಗಿಸಿದ.

“ಇನ್ನೂ ಏನೂ ಇಲ್ಲರಿ ಅಮ್ಮಾ. ಎಚ್.ಆರ್. ಪೋಸ್ಟಿಗೆ ನನ್ನ ಇಂಟರ್ವ್ಯೂನೂ ಇನ್ನೂ ನಡೀಲಿಕ್ಕತ್ತದ.”