ಸಿಡಿಲು ಬಡಿದ ದೋಣಿ

ಬಂದರಿನಲ್ಲಿ ದೋಣಿಗಳ ಕರೆಂಟು ರಿಪೇರಿ ಮಾಡುವ ವೈರ್ ಮಾಮ ಗಾಳಿಯ ವೇಗ ತೋರಿಸುವ ಮೀಟರಿನ ಕೊನೆಯ ಸ್ಕ್ರೂ ಬಿಚ್ಚುತ್ತಿದ್ದ ಹಾಗೆ ಅವಳು ಹತ್ತಿರ ಸರಿದಳು. ಮುಂದಿನ ಗಾಜು ನೋಡಿದರೆ ಏನೂ ತಿಳಿಯುವುದಿಲ್ಲ. ಗುಟ್ಟೆಲ್ಲ ಹಿಂದಿನ ಪ್ಲಗ್ಗಿನಲ್ಲಿದೆ.

"ಸಿಡಿಲು ಬಡಿದಿದೆ ಮಾಮ, ಇನ್ನೇನೂ ಅಲ್ಲ," ಎಂದ ಗಂಡ, ಮೆಟ್ಟಿಲ ಮೇಲೆ ಕೂತು. ಬೆಳಗಿನಿಂದ ಇದು ಐದನೆಯ ಸಲ.

"ಬಡೀಲಿ ಬಿಡಿ ಯಜಮಾನ್ರೇ. ನನ್ನ ಹೊಟ್ಟೆ ತುಂಬೋದು ಅದರಿಂದಲೇ."

ಹಾಯಿದೋಣಿಯ ಕ್ಯಾಬಿನ್ನು ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಗಲಕ್ಕೆ ನಾಲ್ಕು. ಆರು ವರ್ಷದಿಂದ ಅವಳ ಅಡುಗೆಮನೆ, ಮಲಗುವ ಕೋಣೆ, ಕಣ್ಣು ಮುಚ್ಚಿ ದೇವರನ್ನು ನೆನೆಯುವ ಮೂಲೆ ಎಲ್ಲವೂ ಅದೇ. ತಲೆ ಎತ್ತಿದರೆ ಸೂರು ತಗಲುತ್ತದೆ, ಕೈ ಚಾಚಿದರೆ ಗಂಡ ತಗಲುತ್ತಾನೆ. ನಿವೃತ್ತಿಯಾದ ವರ್ಷ ಅವನು ಮನೆ ಮಾರಿ ಈ ದೋಣಿ ತಂದಿದ್ದ. ಅವಳು ಅಡುಗೆಮನೆಯ ಗೋಡೆಗೆ ಹಾಯಿದೋಣಿಯ ಚಿತ್ರ ಅಂಟಿಸಿದ್ದಳಲ್ಲ, ಅದಕ್ಕೆ. ಗೋಡೆಯ ಬಿರುಕು ಮುಚ್ಚಲು ಅಂಟಿಸಿದ್ದು ಎನ್ನುವಷ್ಟರಲ್ಲಿ ಅವನ ಮುಖ ಅರಳಿಬಿಟ್ಟಿತ್ತು. ಅವಳು ಸಾಮಾನು ಕಟ್ಟಿದ್ದಳು.

ಈಗ ಮುಂದಿರುವುದು ಮಹಾಸಾಗರ. ಮೂವತ್ತು ದಿನ ನೆಲದ ಮುಖ ಕಾಣುವುದಿಲ್ಲ. ಕಳೆದ ತಿಂಗಳು ಹೊರಡಬೇಕಿದ್ದ ಹಿಂದಿನ ದಿನ, ಗಂಡ ಪೇಟೆಗೆ ಹೋಗಿದ್ದಾಗ, ಅವಳು ಸಿರಿಂಜಿಗೆ ಉಪ್ಪುನೀರು ಎಳೆದುಕೊಂಡಿದ್ದಳು. ಗಾಳಿ ಮೀಟರಿಗೆ ಒಂದಿಷ್ಟು, ಆಳ ತೋರಿಸುವ ಮೀಟರಿಗೆ ಒಂದಿಷ್ಟು, ನಕ್ಷೆಯ ಪರದೆಗೆ ಒಂದಿಷ್ಟು. ಸಂಜೆ ಗುಡುಗಿತು. ಆಮೇಲೆ ಒಂದೂ ಹೊತ್ತಿಕೊಳ್ಳಲಿಲ್ಲ. ಚುಕ್ಕಾಣಿಯನ್ನು ತಾನೇ ತಿರುಗಿಸುವ ಯಂತ್ರವೂ ಮಲಗಿಬಿಟ್ಟಿತು. "ಸಿಡಿಲು," ಎಂದು ಮೊದಲು ಹೇಳಿದವನು ಅವನೇ. ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಅವನು ರೇಗಲಿಲ್ಲ, ಗೊಣಗಲಿಲ್ಲ. ಮೂರು ವಾರ ಕಾದು ಹೊಸ ಯಂತ್ರಗಳನ್ನು ತರಿಸಿದ, ಕೂಡಿಸಲು ಮಾಮನನ್ನು ಕರೆಸಿದ. ಆ ತಾಳ್ಮೆ ಕಂಡೇ ಅವಳು ಹೆದರಿದ್ದಳು. ಇಂಥವನು ಬಿಡುವವನಲ್ಲ.

"ನಿಧಾನಕ್ಕೆ ಮಾಡಿ ಮಾಮ. ಒಂದು ತಿಂಗಳಾದ್ರೂ ಆಗಲಿ," ಎಂದಳು.

"ನಾನೇನು ಹೊಸ ದೋಣಿ ಕಟ್ಟೋಕೆ ಬಂದಿದೀನಾ? ನಾಳೆ ಸಂಜೆಗೆ ನೀವಿಬ್ಬರೂ ನಡುಸಮುದ್ರದಲ್ಲಿ ಇರ್ತೀರಿ."

ಮೀಟರು ಕೈಗೆ ಬಂತು. ಮಾಮ ಅದನ್ನು ಮಗುಚಿದ. ಪ್ಲಗ್ಗಿನ ಸುತ್ತ ಹಸಿರು ಕಿಲುಬು. ಬೆರಳಿಂದ ಒರೆಸಿ ನಾಲಿಗೆಗೆ ತಾಗಿಸಿದ.

"ಸಿಡಿಲು ಉಪ್ಪಗಿರಲ್ಲ ಯಜಮಾನ್ರೇ."

ಮಾಮ ಇನ್ನೆರಡನ್ನೂ ಬಿಚ್ಚಿದ. ಅಲ್ಲೂ ಅದೇ ಹಸಿರು. ಕೊನೆಗೆ ಟಾರ್ಚು ಕಚ್ಚಿಕೊಂಡು ಚುಕ್ಕಾಣಿ ಯಂತ್ರವಿರುವ ಹಿಂಬದಿಯ ಇಕ್ಕಟ್ಟಿನೊಳಗೆ ತೆವಳಿದ. ಹೊರಗೆ ಪಾದಗಳಷ್ಟೇ ಉಳಿದವು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ರೀ, ನಾನೇ ಕಣ್ರೀ," ಎಂದಳು. "ಮೂರಕ್ಕೂ ನೀರು ಹಾಕಿದ್ದು ನಾನೇ. ನನಗೆ ಈ ಸಮುದ್ರ ಸಾಕಾಗಿದೆ. ಇನ್ನು ಆಗಲ್ಲ."

ಗಂಡ ಮೆಟ್ಟಿಲಿಂದ ಇಳಿದ.

ಇಕ್ಕಟ್ಟಿನೊಳಗಿಂದ ಮಾಮನ ದನಿ ಬಂತು: "ಮೂರರದ್ದು ಸರಿ ಅಮ್ಮಾ. ಈ ಚುಕ್ಕಾಣಿ ಯಂತ್ರದ ವೈರು? ಇಕ್ಕಳದಲ್ಲಿ ಕತ್ತರಿಸಿ, ಮೇಲೆ ಟೇಪು ಸುತ್ತಿದೆಯಲ್ಲ?"

"ಅದನ್ನ ನಾನು ಮುಟ್ಟೇ ಇಲ್ಲ."

"ಅದು ನಾನು ಕಣೇ," ಎಂದ ಗಂಡ, ತಲೆ ಎತ್ತದೆ. "ಮೊದಲನೇ ವರ್ಷದಿಂದಲೂ ನನಗೆ ನೀರು ಕಂಡ್ರೆ ಜೀವ ನಡುಗುತ್ತೆ, ನಿನ್ನ ಖುಷಿಗೆ ಕಲ್ಲು ಹಾಕೋದು ಬೇಡ ಅಂತ ಸುಮ್ಮನಿದ್ದೆ."