ಸೊಟ್ಟ ಕತ್ತಿನ ಗಿಟಾರು

"ಸಹಿ ಹಾಕಲ್ಲ ಸಾರ್."

ಉಕ್ಕಣ್ಣ ಪೆನ್ನನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ. ಗಿಟಾರಿನ ತಂತಿಯ ಮೇಲೆ ಉಕ್ಕಿನ ತುಂಡು ಇಡುವ ಹಾಗೆ, ಸದ್ದಿಲ್ಲದೆ.

ಸಾಹೇಬರು ಕಾಗದವನ್ನು ಮತ್ತೆ ಅವನ ಕಡೆ ತಳ್ಳಿದರು. "ನಾಳೆ ಬೆಳಿಗ್ಗೆ ಹತ್ತಕ್ಕೆ ನೀನು ಜಾಗ ಖಾಲಿ ಮಾಡ್ಬೇಕು. ಆರ್ಡರ್ ಮೇಲಿಂದ ಬಂದಿದೆ. ನನ್ನ ಕೈಲೇನಿದೆ?"

"ಭಾನುವಾರದವರೆಗೆ ಇರ್ತೀನಿ ಅಂತ ತಾನೇ ಕೇಳ್ತಿರೋದು? ಸ್ಪರ್ಧೆ ಮುಗೀಲಿ, ನಾನೇ ಎದ್ದು ಹೋಗ್ತೀನಿ."

"ಹನ್ನೊಂದು ವರ್ಷ ಆಯ್ತು ನೀನು ಬಂದು. ಇನ್ನೂ ಸಾಕಾಗಿಲ್ವೇನೋ?"

"ಮೊದಲ ಆರು ವರ್ಷಕ್ಕೇ ಸಾಕಾಗಿತ್ತು ಸಾರ್. ಮೇಳ ಕಟ್ಟಿದ್ದು ಆಮೇಲೆ."

ಅದು ನಿಜ. ಐದು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಒಂದು ಹಳೆಯ ಗಿಟಾರನ್ನು ದಾನವಾಗಿ ಕಳಿಸಿದ್ದರು. ಅದರ ಕತ್ತು ಸೊಟ್ಟ. ತಂತಿಗಳು ಹಲಗೆಯಿಂದ ಬೆರಳು ದಪ್ಪ ಮೇಲೆದ್ದಿದ್ದವು. ಒತ್ತಿದರೆ ಚರ್ಮ ಕೊಯ್ಯುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ. ಒಲೆಗೆ ಹಾಕಿ ಎಂದರು ಎಲ್ಲರೂ. ಮರಗೆಲಸದ ಶೆಡ್ಡಿನಲ್ಲಿದ್ದ ಉಕ್ಕಣ್ಣ ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡ. ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಒಂದು ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿದ. ಗಿಟಾರು ಅತ್ತ ಹಾಗಿತ್ತು ಎಂದರು ಕೆಲವರು. ಬೈದ ಹಾಗಿತ್ತು ಎಂದ ಅವನು. ಉಕ್ಕಣ್ಣ ಎಂಬ ಹೆಸರು ಆವತ್ತೇ ಬಿತ್ತು.

ಒಬ್ಬೊಬ್ಬರಾಗಿ ಬಂದು ಸೇರಿದರು. ಹಾರ್ಮೋನಿಯಂಗೆ ಮಾಸ್ತರು, ಅದಕ್ಕೆ ಮೊದಲು ಎರಡು ವರ್ಷ ಯಾರೊಂದಿಗೂ ಮಾತಾಡದಿದ್ದವರು. ಡ್ರಮ್ಮಿಗೆ ಡಬ್ಬ ಎಂಬ ಅಡ್ಡಹೆಸರಿನವನು, ಕೈಗೆ ಕೋಲು ಸಿಕ್ಕ ಮೇಲೆ ಅವನು ಯಾರ ಮೇಲೂ ಕೈ ಮಾಡಿರಲಿಲ್ಲ. ಹಾಡಲು ಗೊಗ್ಗರ, ಅವನ ಗಂಟಲನ್ನು ಸಹಿಸಿಕೊಂಡಿದ್ದರಿಂದಲೇ ಇದು ಮೇಳ ಎನಿಸಿಕೊಂಡಿತು. ದಿನಾ ಸಂಜೆ ಐದರಿಂದ ಆರು. ಆರು ಹೊಡೆದ ಕೂಡಲೇ ಉಗ್ರಾಣದವನು ಬಂದು ಉಕ್ಕಿನ ತುಂಡು ತೆಗೆದುಕೊಂಡು, ಆರೂ ತಂತಿಗಳನ್ನು ಬೆರಳಿಟ್ಟು ಎಣಿಸಿ ಬೀಗ ಹಾಕುತ್ತಿದ್ದ. ಒಮ್ಮೆ ಒಂದು ತಂತಿ ಹರಿದಾಗ, ಹರಿದ ಎರಡೂ ತುಂಡು ಕೈಗೆ ಸಿಗುವವರೆಗೆ ಎಲ್ಲರ ಹಾಸಿಗೆ ಕೊಡವಿಸಿದ್ದ.

"ಅವನ ಕಣ್ಣಿಗೆ ತಂತಿ ಅಂದ್ರೆ ಹಾವು ಕಣೋ," ಎಂದು ಗೊಗ್ಗರ ನಗುತ್ತಿದ್ದ.

ತಲೆನೋವು ಶುರುವಾದದ್ದು ಹಿಂಬದಿಯ ಕಟ್ಟಡದಲ್ಲಿದ್ದ ಬಾಚಿ ಎಂಬವನಿಂದ. ಉಕ್ಕು ಹಿಡಿಯುವುದನ್ನು ಉಕ್ಕಣ್ಣನ ಹತ್ತಿರವೇ ಕಲಿತ. ಕಲಿತ ತಿಂಗಳಿಗೇ ತನ್ನದೇ ಮೇಳ ಕಟ್ಟಿದ. ನಾಯಕರು ಇಬ್ಬರಾದರು, ಗಿಟಾರು ಮಾತ್ರ ಒಂದೇ. ಜಗಳ ಬಾಯಿಂದ ಕೈಗೆ ಬರುವ ಹೊತ್ತಿಗೆ ಸಾಹೇಬರೇ ತೀರ್ಪು ಕೊಟ್ಟರು: ಭಾನುವಾರ ಸಂಜೆ ನಾಲ್ಕಕ್ಕೆ, ಊಟದ ಹಾಲಿನಲ್ಲಿ, ಎರಡೂ ಮೇಳ ಎದುರುಬದುರು. ಗೆದ್ದವರಿಗೆ ಗಿಟಾರು. ಸೋತವರು ಸುಮ್ಮನಿರಬೇಕು. ಹೊರಗಿನವರು ಬಂದು ನುಡಿಸುವಂತಿಲ್ಲ.

"ಮಾಸ್ತರು ನುಡಿಸ್ಲಿ," ಎಂದರು ಸಾಹೇಬರು ಈಗ.

"ಮಾಸ್ತರ ಕೈ ನಡುಗುತ್ತೆ. ಉಕ್ಕು ಒಂದು ಕೂದಲೆಳೆ ಸರಿದ್ರೆ ಸ್ವರ ಕೆಟ್ಹೋಗುತ್ತೆ. ಬಾಚಿ ಗೆಲ್ತಾನೆ. ಮಾಸ್ತರು ಮತ್ತೆ ಗೋಡೆ ನೋಡ್ತಾ ಕೂರ್ತಾರೆ. ಡಬ್ಬನ ಕೈ ಖಾಲಿಯಾದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು."

ಸಾಹೇಬರಿಗೆ ಗೊತ್ತಿತ್ತು. ಅವರ ಹುಬ್ಬಿನ ಮೇಲಿನ ಹೊಲಿಗೆಯ ಗುರುತು ಡಬ್ಬನದೇ.

"ನಿನ್ನ ತಂಗಿ ಫೋನ್ ಮಾಡಿದ್ಳು," ಎಂದು ದಾರಿ ಬದಲಿಸಿದರು. "ನಿನಗೆ ಅಂತ ಕೋಣೆಗೆ ಸುಣ್ಣ ಬಳಿಸಿದಾಳಂತೆ."

"ಅವಳಿಗೂ ಹೇಳಿದೀನಿ ಸಾರ್."

"ಏನಂದ್ಳು?"

"ನಿನ್ನ ಮೇಳಕ್ಕಿಷ್ಟು ಬೆಂಕಿ ಬೀಳ ಅಂದ್ಳು. ಸ್ವಲ್ಪ ಹೊತ್ತು ಅತ್ಲು. ಆಮೇಲೆ, ಸೋತು ಮಾತ್ರ ಬರಬೇಡ ಅಂದ್ಳು."

"ಅಣ್ಣ ತಂಗಿ ಇಬ್ರೂ ಒಂದೇ ಅಚ್ಚು!" ಸಾಹೇಬರು ಮೇಜು ಗುದ್ದಿದರು. "ನೋಡು, ಸಹಿ ಹಾಕದಿದ್ರೂ ಅಷ್ಟೇ. ನಾಳೆ ಇಬ್ಬರನ್ನ ಕರೆಸಿ ಎತ್ತಿ ಆಚೆ ಹಾಕಿಸ್ತೀನಿ."

"ಇದೇ ಕೊನೇ ಮಾತಾ ಸಾರ್?"

"ಕೊನೇ ಮಾತು."

ಉಕ್ಕಣ್ಣ ಎದ್ದ. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಕೈಯಲ್ಲಿ ತೂಗಿ ನೋಡಿದ. ಬೀಸಿ ಕಿಟಕಿಗೆ ಎಸೆದ.

ಗಾಜು ನೆಲವೆಲ್ಲ ಚೆಲ್ಲಿತು. ಬಾಗಿಲಲ್ಲಿದ್ದ ಕಾವಲಿನವನು ಲಾಠಿ ಎತ್ತಿ ಒಳನುಗ್ಗಿದ. ಸಾಹೇಬರು ಅಂಗೈ ತೋರಿಸಿ ಅವನನ್ನು ತಡೆದರು. ಉಕ್ಕಣ್ಣನ ಮುಖವನ್ನೇ ನೋಡಿದರು. ಅದರಲ್ಲಿ ಕೋಪವೇ ಇರಲಿಲ್ಲ.

"ಹನ್ನೊಂದು ವರ್ಷದಲ್ಲಿ ಒಂದು ಲೋಟ ಒಡೆದವನಲ್ಲ ನೀನು."

"ಅದಕ್ಕೇ ಸಾರ್ ಈ ಗತಿ ಬಂದಿದ್ದು. ನಿಯಮದ ಪುಸ್ತಕ ತೆಗೀರಿ. ಗಾಜಿಗೆಷ್ಟು?"

ಸಾಹೇಬರು ಪುಸ್ತಕ ತೆಗೆದರು. ಹಾಳೆ ತಿರುವಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಒಂದು ಗಾಜಿಗೆ ಮೂರು ದಿನ."

ಉಕ್ಕಣ್ಣ ಬೆರಳು ಮಡಚಿದ. ನಾಳೆ ಗುರುವಾರ. ಶುಕ್ರ, ಶನಿ, ಭಾನು. ಭಾನುವಾರ ಬೆಳಿಗ್ಗೆ ಹತ್ತು. ಸ್ಪರ್ಧೆ ಸಂಜೆ ನಾಲ್ಕಕ್ಕೆ.

"ಸಾಲಲ್ಲ ಸಾರ್," ಎಂದವನೇ ಕುರ್ಚಿ ಎತ್ತಿ ಪಕ್ಕದ ಗಾಜನ್ನೂ ಒಡೆದ.

ಗಾಜಿಲ್ಲದ ಕಿಟಕಿಯಿಂದ ಡಬ್ಬನ ಡ್ರಮ್ಮಿನ ಸದ್ದು ಒಳಬಂತು. ಅಭ್ಯಾಸ ಶುರುವಾಗಿತ್ತು. ಸಾಹೇಬರು ಮೀಸೆಯ ಮೇಲೆ ಕೈಯಿಟ್ಟುಕೊಂಡು ಬಾಯಿ ಮುಚ್ಚಿಕೊಂಡರು. ನಗುವೋ ಕೆಮ್ಮೋ ಕಾವಲಿನವನಿಗೆ ತಿಳಿಯಲಿಲ್ಲ.

"ಮೂರನೇದು ಮುಟ್ಟಬೇಡ ಮಾರಾಯ. ಸಾಕು," ಎಂದರು. ಹಳೆಯ ಕಾಗದವನ್ನು ಹರಿದು, ಹೊಸದರ ಮೇಲೆ ಒಂದೊಂದೇ ಪದವನ್ನು ಗಟ್ಟಿಯಾಗಿ ಓದುತ್ತ ಬರೆದರು:

"ಕಾರಾಗೃಹದ ಆಸ್ತಿಯನ್ನು ಹಾಳುಮಾಡಿದ್ದಕ್ಕಾಗಿ, ಈ ಕೈದಿಯ ಬಿಡುಗಡೆಯನ್ನು ಆರು ದಿನ ಮುಂದೂಡಲಾಗಿದೆ."