ಬಚ್ಚಲಲ್ಲಿ ಬಿದ್ದವರ ಬೀದಿ

ರಸ್ತೆ ಬದಿಯಲ್ಲಿ ನಿಂತು ಇದನ್ನು ಓದುತ್ತಿದ್ದರೆ, ಮೊದಲು ಫೋನ್ ಜೇಬಿಗೆ ಹಾಕಿಕೊಂಡು ದಾಟಿಬಿಡಿ... ಆಮೇಲೆ ಓದಿ. ಕಥೆ ಎಲ್ಲೂ ಓಡಿಹೋಗುವುದಿಲ್ಲ!

ಒಂದು ದೊಡ್ಡ ಊರು. ಅಲ್ಲಿ ರಂಜಿತಾ ಎಂಬ ಎಂಜಿನಿಯರ್ ಹುಡುಗಿಗೆ ಒಂದು ಕೆಲಸ ಒಪ್ಪಿಸಿದ್ದರು.

ನಡೆದು ಹೋಗುವವರಿಗೆ ಯಾವ ರಸ್ತೆಯಲ್ಲಿ ಹೆಚ್ಚು ಪೆಟ್ಟಾಗುತ್ತಿದೆ ಎಂದು ನಕ್ಷೆ ಮಾಡುವುದು. ಆಸ್ಪತ್ರೆಗಳಿಂದ ಮಾಹಿತಿ ತರಿಸಿ, ಕೈಕಾಲು ಮುರಿದವರು ಎಲ್ಲಿ ಬಿದ್ದರೋ ಅಲ್ಲಿ ಒಂದು ಕೆಂಪು ಚುಕ್ಕೆ ಇಡುವುದು.

ಚುಕ್ಕೆ ಹೆಚ್ಚಿದ್ದ ಕಡೆ ಮೊದಲು ಸಿಗ್ನಲ್. ಚುಕ್ಕೆ ಇಲ್ಲದ ಕಡೆಗೆ... ಏನೂ ಇಲ್ಲ.

ಊರಿನ ನಕ್ಷೆಯೆಲ್ಲ ದಡಾರ ಎದ್ದ ಮೈಯಂತೆ ಕೆಂಪಾಗಿತ್ತು. ಗಾಣಿಗರ ಬೀದಿ ಮುಂದಿನ ದೊಡ್ಡ ರಸ್ತೆಯಲ್ಲಿ ಮಾತ್ರ ಒಂದೇ ಒಂದು ಚುಕ್ಕೆ ಇರಲಿಲ್ಲ!

ರಂಜಿತಾಗೆ ಖುಷಿಯೋ ಖುಷಿ. ರಿಪೋರ್ಟ್‌ನ ಮುಖಪುಟಕ್ಕೆ ಈ ರಸ್ತೆಯ ಫೋಟೊವನ್ನೇ ಹಾಕೋಣ ಎಂದು ಮೊಬೈಲ್ ಹಿಡಿದು ಹೊರಟಳು.

ಒಳ್ಳೆಯ ಫೋಟೊ ಸಿಗಲಿ ಎಂದು ಹೇಗೋ ಡಿವೈಡರ್ ತನಕ ತಲುಪಿದಳು. ಅಷ್ಟೇ... ಆಮೇಲೆ ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ.

ಆ ಕಡೆ ಲಾರಿ, ಈ ಕಡೆ ಬಸ್ಸು, ನಡುನಡುವೆ ಬೈಕು. ನಿಂತುಕೊಳ್ಳಲು ಒಂದು ಗೇಣು ಕಟ್ಟೆ. ರಂಜಿತಾ ಮೊಬೈಲನ್ನು ಎದೆಗವಚಿಕೊಂಡಳು.

ಪಕ್ಕದಲ್ಲೇ ಒಬ್ಬ ಅಜ್ಜಿ ನಿಂತಿದ್ದರು. ಹೆಸರು ಸಣ್ಣತಾಯಮ್ಮ. ಕೈಯಲ್ಲಿ ಔಷಧಿ ಕವರ್.

"ಹೆದರ್ಕಬ್ಯಾಡ ಕಣವ್ವ, ನನ್ ಕೈ ಹಿಡ್ಕೊ. ಈ ಗಾಡಿಯವ್ರು ಅಷ್ಟು ಬೇಗ ದಾಟಾಕೆ ಬುಡಾಕಿಲ್ಲ."

"ಆದ್ರೆ ಅಜ್ಜಿ, ಇಲ್ಲಿ ಯಾರಿಗೂ ಏನೂ ಆಗಿಲ್ವಲ್ಲ? ನಮ್ಮ ನಕ್ಷೆ ಪ್ರಕಾರ ಊರಿಗೇ ಸೇಫ್ ರೋಡ್ ಇದು!"

ಸಣ್ಣತಾಯಮ್ಮ ಅವಳ ಮುಖವನ್ನೇ ನೋಡಿದರು.

"ಊಂ ಕಣವ್ವ... ನಮ್ ಬೀದೀಲಿ ಎಲ್ರೂ ಬಚ್ಚಲಲ್ಲೇ ಬೀಳದು."

"ಅಂದ್ರೆ?"

"ನಮ್ಮೆಜಮಾನ್ರು ಬಚ್ಚಲಲ್ಲಿ ಜಾರ್ ಬಿದ್ರು, ಸೊಂಟ ಹೋಯ್ತು. ಎದುರುಮನೆ ಜಯಶೀಲ ಬಚ್ಚಲಲ್ಲಿ ಬಿದ್ಲು, ಕಾಲ್ಗೆ ರಾಡ್ ಹಾಕವ್ರೆ. ಇಸ್ತ್ರಿ ಅಂಗ್ಡಿ ಮಾದಯ್ಯ... ಅವ್ನ ಮನೇಲಿ ಬಚ್ಚಲೇ ಇಲ್ಲ. ಅವ್ನೂ ಬಚ್ಚಲಲ್ಲೇ ಬಿದ್ದಿದ್ದು!"

ರಂಜಿತಾಗೆ ನಿಧಾನವಾಗಿ ಅರ್ಥವಾಯಿತು.

ರಸ್ತೆಯಲ್ಲಿ ಗಾಡಿ ಗುದ್ದಿತು ಎಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಆಮೇಲೆ ಸ್ಟೇಷನ್ನು, ಕೋರ್ಟು ಎಂದು ಅಲೆಯಬೇಕು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದರೆ ಯಾರೂ ಏನೂ ಕೇಳುವುದಿಲ್ಲ. ಮೊದಲು ಯಾರೋ ಒಬ್ಬರು ಹೇಳಿಕೊಟ್ಟರು... ಬೀದಿಗೆ ಬೀದಿಯೇ ಕಲಿತುಬಿಟ್ಟಿತು.

"ಅಜ್ಜಿ, ನಿಜ ಹೇಳಿದ್ರೆ ಇಲ್ಲಿಗೆ ಸಿಗ್ನಲ್ ಕೇಳಬಹುದು. ನಿಮ್ಮ ಹೆಸರು ಬೇಡ, ಜಾಗ ಮಾತ್ರ ಸಾಕು."

ಅಜ್ಜಿ ಹಿಡಿದಿದ್ದ ಕೈ ಬಿಟ್ಟುಬಿಟ್ಟರು.

"ಇವತ್ತು ಜಾಗ ಅಂತೀರ, ನಾಳೆ ಹೆಸ್ರು ಅಂತೀರ. ಆಸ್ಪತ್ರೇಲಿ ಸುಳ್ ಹೇಳ್ದೆ ಅಂತ ನನ್ನ ಎಳ್ಕೊಂಡೋದ್ರೆ? ಮನೇಲಿ ಮಲ್ಗಿರೋ ಆ ಮನ್ಸ ಮಗ್ಗುಲು ತಿರುಗ್ಬೇಕಂದ್ರೂ ನಾನೇ ತಿರುಗಿಸ್ಬೇಕು ಕಣವ್ವ..."

ಹೇಳಿದರೆ ಆ ಭಯ. ಹೇಳದಿದ್ದರೆ ದಿನಾ ಇದೇ ಡಿವೈಡರ್. ಎಂಥ ಇಕ್ಕಟ್ಟು ನೋಡಿ! ಡಿವೈಡರ್ ಮೇಲಾದರೂ ಒಂದು ಗೇಣು ಜಾಗವಿತ್ತು... ಆ ಹೆಂಗಸಿನ ಬದುಕಿನಲ್ಲಿ ಅದೂ ಇರಲಿಲ್ಲ.

ಕೊನೆಗೆ ಯಾರೋ ಬಸ್ ಡ್ರೈವರ್ ಪುಣ್ಯಾತ್ಮ ಬ್ರೇಕ್ ಹಾಕಿದ. ರಂಜಿತಾ ಅಜ್ಜಿಯ ಮನೆಯವರೆಗೂ ಜೊತೆಯಲ್ಲೇ ಹೋದಳು.

ಮಂಚದ ಮೇಲೆ ಜವರಯ್ಯ ಮಲಗಿದ್ದರು. ಸಣ್ಣತಾಯಮ್ಮನ ಗಂಡ.

ಏನು ಮಾತಾಡುವುದೆಂದು ತಿಳಿಯದೆ ರಂಜಿತಾ ಕೇಳಿದಳು... "ಹೇಗೆ ಬಿದ್ರಿ ತಾತ?"

ಜವರಯ್ಯ ಮೊದಲು ಹೆಂಡತಿಯ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಬಚ್ಚಲಲ್ಲಿ ಕಣವ್ವ... ನಂದೇ ತಪ್ಪು. ನೋಡ್ಕೊಂಡು ಕಾಲಿಡ್ಬೇಕಿತ್ತು."

ಬಂದ ನೆಂಟರೆಲ್ಲ "ಈ ವಯಸ್ಸಲ್ಲಿ ಹುಷಾರಾಗಿರೋದು ಬೇಡ್ವಾ" ಎಂದು ಬೈದು ಹೋಗಿದ್ದರು. ಎಲ್ಲರೆದುರಿಗೂ ಅವರು ಹೀಗೇ ತಲೆಯಾಡಿಸಿದ್ದರು. ಹೆಂಡತಿಯ ಸುಳ್ಳು ಉಳಿಯಲಿ ಎಂದು, ಮಾಡದ ತಪ್ಪನ್ನು ಒಪ್ಪಿಕೊಂಡೇ ಮಲಗಿದ್ದರು...

ಸಣ್ಣತಾಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಮಂಚದ ಕಾಲು ಹಿಡಿದು ಗಳಗಳನೆ ಅತ್ತುಬಿಟ್ಟರು.

"ಸಾಕು ಸುಮ್ಕಿರಿ! ಎಷ್ಟು ಜನದ ತಾವ ಅಂತ ತಪ್ಪು ಒಪ್ಕತೀರಿ? ಇವ್ರು ಬಚ್ಚಲಲ್ಲಿ ಬಿದ್ದಿಲ್ಲ ಕಣವ್ವ... ಬಾ, ತೋರಿಸ್ತೀನಿ. ಯಾರು ಬೇಕಾದ್ರೂ ಎಳ್ಕೊಂಡೋಗ್ಲಿ ನನ್ನ!"

ಹಾಗೆಂದು ನೆಟ್ಟಗೆ ಹೋಗಿ ರಸ್ತೆಯಲ್ಲಿ ನಿಂತುಬಿಟ್ಟರು.

"ಇಲ್ಲಿ. ನಮ್ಮೆಜಮಾನ್ರು ಬಿದ್ದಿದ್ದು ಇಲ್ಲಿ."

ಹಾರ್ನ್ ಮೇಲೆ ಹಾರ್ನ್. ಅಜ್ಜಿ ಕದಲಲಿಲ್ಲ. ಗಲಾಟೆ ಕೇಳಿ ಬೀದಿಯವರು ಓಡಿಬಂದರು. ಅಜ್ಜಿ ಅವರಿಗೂ ಅದನ್ನೇ ಹೇಳಿದರು.

ಜಯಶೀಲ ಕೋಲು ಊರಿಕೊಂಡು ರಸ್ತೆಗೆ ಇಳಿದಳು. ತಾನು ಬಿದ್ದ ಜಾಗದಲ್ಲಿ ಹೋಗಿ ನಿಂತಳು. ಮಾದಯ್ಯ ಅವನ ಜಾಗದಲ್ಲಿ. ಹಾಸಿಗೆ ಹಿಡಿದವರ ಜಾಗದಲ್ಲಿ ಅವರ ಮಕ್ಕಳು... ಸೊಸೆಯಂದಿರು...

ಈ ಕಡೆಯಿಂದ ಆ ಕಡೆಯವರೆಗೂ ಜನ. ವಾಹನಗಳೆಲ್ಲ ನಿಂತುಬಿಟ್ಟವು.

ರಂಜಿತಾ ಒಂದೊಂದೇ ಚುಕ್ಕೆ ಇಟ್ಟಳು. ಕಣ್ಣು ತುಂಬಿ ಮೊಬೈಲ್ ಪರದೆ ಕಾಣುತ್ತಿರಲಿಲ್ಲ.

ಸಿಗ್ನಲ್ ಬಂತಾ ಎಂದು ಕೇಳುತ್ತೀರಿ... ಇನ್ನೂ ಬಂದಿಲ್ಲ. ಫೈಲು ನಡೆಯುತ್ತಿದೆಯಂತೆ, ಅದಕ್ಕೂ ಸೊಂಟ ಮುರಿದಿರಬೇಕು! ಸಣ್ಣತಾಯಮ್ಮನನ್ನು ಮಾತ್ರ ಯಾರೂ ಎಳೆದುಕೊಂಡು ಹೋಗಲಿಲ್ಲ. ಔಷಧಿ ಕವರ್ ಹಿಡಿದು ಅವರು ಈಗಲೂ ಅದೇ ಡಿವೈಡರ್ ಮೇಲೆ ನಿಲ್ಲುತ್ತಾರೆ.

ಜವರಯ್ಯ ಈಗಲೂ ಮಂಚದ ಮೇಲೇ ಇದ್ದಾರೆ. ಆದರೆ ಹೇಗೆ ಬಿದ್ದಿರಿ ಎಂದು ಯಾರಾದರೂ ಕೇಳಿದರೆ, ಹೆಂಡತಿಯ ಮುಖ ನೋಡುವುದಿಲ್ಲ.

"ರೋಡಲ್ಲಿ ಕಣಪ್ಪ. ನಂದೇನೂ ತಪ್ಪಿರಲಿಲ್ಲ."

🙏 ನೊಂದವರು ಬಾಯಿ ಮುಚ್ಚಿಕೊಂಡರೆ, ನೋವು ಕೊಟ್ಟ ಜಾಗಕ್ಕೆ ಒಳ್ಳೆಯ ಹೆಸರು ಬರುತ್ತದೆ.

ನಿಮ್ಮ ಮನೆಯಲ್ಲಿ, ನಿಮ್ಮ ಪಕ್ಕದಲ್ಲಿ, ಯಾರು ಯಾವ ಭಯಕ್ಕೆ "ಬಚ್ಚಲಲ್ಲಿ ಜಾರಿ ಬಿದ್ದೆ" ಎನ್ನುತ್ತಿದ್ದಾರೆ... ಒಮ್ಮೆ ಕೇಳಿದ್ದೀರಾ?